ಸೀಟಿಲ್ಲದ ರಾಜದೂತ

ನನ್ನ ಕಸುಬು ಮೋಟರ್ ಸೈಕಲ್ಲಿನ ಸೀಟು ಹೊಲಿಯುವುದು. ಮೊದಲು ರವಿಕೆ ಹೊಲಿಯುತ್ತಿದ್ದೆ. ಬಿಗಿಯಾಯಿತು, ಸಡಿಲಾಯಿತು, ತೋಳು ಹಿಡಿಯಿತು ಎಂದು ವಾಪಸು ತರುವವರ ಕಾಟಕ್ಕೆ ರೋಸಿ ಸೀಟಿಗೆ ಇಳಿದೆ. ಸೀಟು ಬಿಗಿಯಾಯಿತೆಂದು ಇವತ್ತಿನವರೆಗೆ ಯಾರೂ ಜಗಳಕ್ಕೆ ಬಂದಿಲ್ಲ. ಕೊಪ್ಪಳದಲ್ಲಿ ಗಂಗಾವತಿ ರಸ್ತೆಗೆ ನನ್ನ ಅಂಗಡಿ, ಅದರ ಗೋಡೆಗೆ ಗೋಡೆ ಹತ್ತಿಕೊಂಡು ಮಾಜೀದನ ಗ್ಯಾರೇಜು. ಮಂದಿ ಆರಾಮಾಗಿ ಕೂಡಲಿ ಎಂದು ದಿನವಿಡೀ ಸೂಜಿ ಚುಚ್ಚುವ ನನ್ನ ಮಗ್ಗುಲಿಗೆ, ಒಂದು ಗಳಿಗೆಯೂ ಕೂಡಲಾರದ ಮನುಷ್ಯನನ್ನು ದೇವರು ಬೇಕೆಂದೇ ತಂದಿಟ್ಟಿದ್ದಾನೆ.

ಮಾಜೀದ ಊಟ ಮಾಡುವುದೂ ನಿಂತುಕೊಂಡೇ. ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈ ಯಾವುದೋ ಗಾಡಿಯ ಕ್ಲಚ್ಚಿನ ಮೇಲೆ. ಚಹಾ ತರಿಸುತ್ತಾನೆ, ಒಂದು ಗುಟುಕು ಕುಡಿದು ಎದುರಿಗಿದ್ದ ಗಾಡಿಯ ಟ್ಯಾಂಕಿನ ಮೇಲಿಟ್ಟು ಮರೆಯುತ್ತಾನೆ. ಅವನು ಬಿಸಿ ಚಹಾ ಕುಡಿದದ್ದನ್ನು ನಾನಂತೂ ನೋಡಿರಲಿಲ್ಲ. ಹೆಂಡತಿ ಮೆಹರಾಜ ಹೇಳುವ ಕತೆ ಇದಕ್ಕಿಂತ ಮಿಗಿಲು. ನಿಕಾಹದ ದಿನ ಖಾಜಿಯವರು ಎದುರಿಗೆ ಕೂತು ಒಪ್ಪಿಗೆ ಕೇಳುವ ಹೊತ್ತಿಗೆ ಹೊರಗೆ ಯಾರದೋ ಗಾಡಿ ಎಷ್ಟು ಕಿಕ್ ಹೊಡೆದರೂ ಚಾಲೂ ಆಗುತ್ತಿರಲಿಲ್ಲವಂತೆ. ಮದುಮಗ ಅತ್ತ ಕಿವಿಗೊಟ್ಟು, "ಪ್ಲಗ್ಗಿಗೆ ಎಣ್ಣಿ ಬಂದೈತಿ" ಎಂದು ಎದ್ದೇಬಿಟ್ಟನಂತೆ.

"ಖಾಜಿಯವ್ರು ಅದನ್ನ ಒಪ್ಪಿಗಿ ಅಂತ ತಿಳಕೊಂಡ್ರೋ ಏನೋ, ಇವತ್ತಿಗೂ ನಂಗ ಖಾತ್ರಿ ಇಲ್ಲ ಪಂಪಕ್ಕ" ಎಂದು ಮೆಹರಾಜ ನಗುತ್ತಾಳೆ. ನಗು ಮುಗಿದ ಮೇಲೆ ಒಂದು ನಿಟ್ಟುಸಿರು ಇರುತ್ತದೆ. ಕಾಲಿಗೆ ಚಕ್ರ ಕಟ್ಟಿಕೊಂಡವನ ಜೊತೆ ಬಾಳುವೆ ಮಾಡುವುದು ಹೇಳಿದಷ್ಟು ಹಗುರವಲ್ಲ.

ಇಂಥವನಿಗೆ ಸಿಕ್ಕ ಉಸ್ತಾದರೋ ಇವನಿಗೆ ತದ್ವಿರುದ್ಧ. ಮಕ್ಬುಲಸಾಬರು ಹಳೆ ಬಸ್ ನಿಲ್ದಾಣದ ಹಿಂದಿನ ತಮ್ಮ ಗ್ಯಾರೇಜಿನಲ್ಲಿ ಒಂದು ಮರದ ಸ್ಟೂಲಿನ ಮೇಲೆ ಮುಂಜಾನೆ ಕೂತರೆ ನಮಾಜಿಗೆ ಮಾತ್ರ ಏಳುತ್ತಿದ್ದರು. ಕೆಟ್ಟ ಗಾಡಿ ಬಂದರೆ ಎದ್ದು ನೋಡುತ್ತಿರಲಿಲ್ಲ. "ಚಾಲೂ ಮಾಡು" ಎಂದು ಕಣ್ಣು ಮುಚ್ಚುತ್ತಿದ್ದರು. ಸದ್ದು ಕೇಳಿ ರೋಗ ಹೇಳುತ್ತಿದ್ದರು. ಮಾಜೀದ ಮೀಸೆ ಬರುವ ಮೊದಲೇ ಅವರ ಹತ್ತಿರ ಸೇರಿದವನು. ಅವನ ಕೈಗುಣದ ಬಗ್ಗೆ ಉಸ್ತಾದರಿಗೆ ಅನುಮಾನವಿರಲಿಲ್ಲ. ಅವನ ಕಾಲಿನ ಬಗ್ಗೆ ಮಾತ್ರ ತಕರಾರಿತ್ತು. "ನಿಂತಲ್ಲಿ ನಿಲ್ಲಲಾರದವನ ಕೈಯಾಗ ಪಾನಾ ಕೊಟ್ರ ಬೋಲ್ಟು ಉಳಿತಾವೇನು?" ಎಂದು ಗದರುತ್ತಿದ್ದರು.

ಉಸ್ತಾದರ ಮುಂದೆ ಮಾಜೀದನ ಅದಬು ನೋಡಬೇಕಿತ್ತು. ನಮ್ಮ ಕಡೆ ಹಿರಿಯರು ಎದುರಾದರೆ ಸೈಕಲ್ ಇಳಿದು ನಡೆಯುವ ರೂಢಿ ಹಿಂದಿನಿಂದ ಇತ್ತು, ಈಗ ಸವೆದು ಹೋಗಿದೆ. ಮೆಕ್ಯಾನಿಕ್ ಮಂದಿಯಲ್ಲಿ ಇನ್ನೂ ಅಲ್ಲಲ್ಲಿ ಉಳಿದಿದೆ. ಉಸ್ತಾದರ ಮನೆಯ ಓಣಿ ಬಂತೆಂದರೆ ಮಾಜೀದ ಗಾಡಿ ಇಳಿದು, ತಳ್ಳಿಕೊಂಡು ಅವರ ಬಾಗಿಲು ದಾಟಿ, ಆಚೆ ತಿರುವಿನಲ್ಲಿ ಮತ್ತೆ ಹತ್ತುತ್ತಿದ್ದ. ಉಸ್ತಾದರು ಒಳಗೆ ನಿದ್ದೆ ಮಾಡುತ್ತಿದ್ದರೂ ಹಾಗೇ. ಅವರು ಸ್ಟೂಲಿನ ಮೇಲಿದ್ದರೆ ಇವನು ಕುಕ್ಕರಗಾಲಿನಲ್ಲಿ ನೆಲಕ್ಕೆ. ಸಮಸಮ ಕೂತದ್ದೇ ಇಲ್ಲ.

ಅಂಥವನು ಆ ಕೆಲಸ ಮಾಡಿದನಲ್ಲ, ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ.

ಮಕ್ಬುಲಸಾಬರ ಹತ್ತಿರ ಒಂದು ರಾಜದೂತ ಮೋಟರ್ ಸೈಕಲ್ಲು ಇತ್ತು. ಹಾಲಿನವರು ಎರಡೂ ಮಗ್ಗುಲಿಗೆ ಕ್ಯಾನು ಕಟ್ಟಿಕೊಂಡು ತಿರುಗುತ್ತಿದ್ದರಲ್ಲ, ಆ ಗಟ್ಟಿ ಜಾತಿ. ಮಗಳು ತಾಜಬೀ ಹುಟ್ಟಿದ ವರ್ಷ ಕೊಂಡದ್ದು. ಅದರ ಹಿಂದೆ ಹೆಂಡತಿ ಲಾಲಬೀ ಒಂದು ಬದಿಗೆ ಕೂತು, ಸೆರಗು ಚಕ್ರಕ್ಕೆ ಸಿಗದಂತೆ ಮಡಿಲಿಗೆ ಎಳೆದುಕೊಂಡು ಹೋಗುವುದನ್ನು ಇಡೀ ಪೇಟೆ ನೋಡಿತ್ತು. ಲಾಲಬೀ ತೀರಿಕೊಂಡ ಮೇಲೆ ಆ ಸೀಟಿನ ಹಿಂದಿನ ಅರ್ಧಕ್ಕೆ ಉಸ್ತಾದರು ಚೀಲ ಕೂಡ ಇಡುತ್ತಿರಲಿಲ್ಲ. ಒಂದು ವರ್ಷ ಅವರು ಹಜ್‌ಗೆ ಹೊರಟರು. ಹೊರಡುವಾಗ ಗಾಡಿಯನ್ನು ಶಿಷ್ಯನ ಕೈಗೆ ಕೊಟ್ಟು, "ದಿನಾ ಒಮ್ಮೆ ಚಾಲೂ ಮಾಡು. ಬ್ಯಾರೆ ಏನೂ ಮಾಡಬ್ಯಾಡ" ಎಂದರು. ಬೇರೆ ಏನೂ ಮಾಡಬೇಡ ಎನ್ನುವುದನ್ನು ಮಾಜೀದನಿಗೆ ಹೇಳುವುದು, ಮಂಗನಿಗೆ ಮರ ಹತ್ತಬೇಡ ಎಂದಂತೆ.

ಅದೇ ದಿನಗಳಲ್ಲಿ ಅವನ ಫೋನಿನಲ್ಲಿ ಒಂದು ವಿಡಿಯೋ ಬಂದಿತ್ತು. ಯಾವುದೋ ದೂರದ ದೇಶದಲ್ಲಿ ಮುದುಕರು ಹಳೇ ಮೋಟರ್ ಸೈಕಲ್ಲುಗಳನ್ನು ಬಂಡೆಗಳ ಮೇಲೆ ಹತ್ತಿಸುತ್ತಿದ್ದರು. ಓಟದ ಸ್ಪರ್ಧೆ ಅಲ್ಲ, ಯಾರಿಗೂ ಅವಸರವಿಲ್ಲ. ನಡೆಯುವವನಿಗಿಂತ ನಿಧಾನವಾಗಿ, ಕಾಲು ನೆಲಕ್ಕೆ ತಾಗಿಸದೆ ಕಲ್ಲು ದಾಟಬೇಕು, ಅಷ್ಟೇ. ಟ್ರಯಲ್ಸ್ ಎನ್ನುತ್ತಾರಂತೆ ಅದಕ್ಕೆ. ಮಾಜೀದ ನನ್ನ ಅಂಗಡಿಗೆ ಓಡಿ ಬಂದು ಫೋನು ಮುಖಕ್ಕೆ ಹಿಡಿದ.

"ಅಕ್ಕಾರ, ನೋಡ್ರಿ ಇಲ್ಲಿ! ಈ ಗಾಡಿಗೆ ಸೀಟ ಇಲ್ಲ! ಯಾರೂ ಕೂಡಂಗೇ ಇಲ್ಲ!"

"ಥೂ, ನನ್ನ ಹೊಟ್ಟಿ ಮ್ಯಾಲ ಹೊಡಿಯೋ ಗಾಡಿ" ಎಂದೆ. ಅವನ ಕಣ್ಣು ನೋಡಿಯಾದರೂ ನಾನು ಆಗಲೇ ಉಸ್ತಾದರ ಮಗಳಿಗೆ ಫೋನು ಮಾಡಬೇಕಿತ್ತು.

ಮೊದಲು ಹಿಂದಿನ ಚೈನ್ ಚಕ್ರ ಬಿಚ್ಚಿ ದೊಡ್ಡದು ಹಾಕಿದ, ಗಾಡಿ ನಿಧಾನಕ್ಕೆ ಎಳೆಯಲಿ ಎಂದು. ಆಮೇಲೆ ಸೈಲೆನ್ಸರ್ ಕಲ್ಲಿಗೆ ಬಡಿಯುತ್ತದೆಂದು ಅದನ್ನು ಮೇಲಕ್ಕೆ ಎತ್ತಿ ಮಗ್ಗುಲಿಗೆ ಕಟ್ಟಿದ. ಕಾಲಿಡುವ ಪೆಡಲುಗಳನ್ನು ಹಿಂದಕ್ಕೂ ಕೆಳಕ್ಕೂ ಬೆಸೆದ. ಗಂಗಾವತಿಯ ಲೇತಿನವರ ಹತ್ತಿರ ಉಕ್ಕಿನ ಬಳೆ ಕಡೆಸಿ ಇಂಜಿನ್ನಿನ ಮ್ಯಾಗ್ನೆಟ್ಟಿಗೆ ತೂಕ ಏರಿಸಿದ. ಇಂಜಿನ್ನಿನ ಜೊತೆ ತಿರುಗುವ ಆ ಚಕ್ರ ಭಾರವಾದಷ್ಟೂ ಅದು ತಟಕ್ಕನೆ ನಿಲ್ಲುವುದಿಲ್ಲ, ಒಂದೊಂದೇ ಹೊಡೆತ ಹೊಡೆಯುತ್ತಾ ತಾಳಿಕೊಳ್ಳುತ್ತದೆ ಎಂದು ನನಗೂ ಪಾಠ ಹೇಳಿದ. ಟೈರಿನ ಗಾಳಿ ಅರ್ಧಕ್ಕರ್ಧ ಇಳಿಸಿದ, ಕಲ್ಲನ್ನು ಅಪ್ಪಿ ಹಿಡಿಯಲಿ ಎಂದು. ಇಷ್ಟಕ್ಕೇ ನಿಂತಿದ್ದರೆ ಎಲ್ಲವನ್ನೂ ಮತ್ತೆ ಬಿಚ್ಚಿ ಜೋಡಿಸಬಹುದಿತ್ತು. ಆದರೆ ಸೀಟು ಮೊಣಕಾಲಿಗೆ ಅಡ್ಡ ಬರುತ್ತಿತ್ತು. ಒಂದು ಮಧ್ಯಾಹ್ನ ಊಟಕ್ಕೆಂದು ಹೋದ ನಾನು ಬರುವಷ್ಟರಲ್ಲಿ ಹ್ಯಾಕ್ಸಾ ಹಿಡಿದು ಸೀಟನ್ನು ಹೊತ್ತ ಹಿಂದಿನ ಚೌಕಟ್ಟನ್ನೇ ಕತ್ತರಿಸಿ ಬಿಟ್ಟಿದ್ದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಉಸ್ತಾದರು ಹಜ್‌ನಿಂದ ಬಂದ ಮರುದಿನ ಜಮ್‌ಜಮ್ ನೀರಿನ ಸೀಸೆ, ಖರ್ಜೂರ ಹಿಡಿದು ಗ್ಯಾರೇಜಿಗೆ ಬಂದರು. ಎಲ್ಲರನ್ನೂ ಅಪ್ಪಿಕೊಂಡರು. ಆಮೇಲೆ ಗಾಡಿ ನೋಡಿದರು. ಸೀಟು ಗೋಡೆಗೆ ಒರಗಿ ನಿಂತಿತ್ತು, ರೆಕ್ಸಿನ್ ಹರಿದು ಒಳಗಿನ ಸ್ಪಂಜು ಹೊರಬಂದಿತ್ತು. ಅವರು ಬೈಯಲಿಲ್ಲ. ಬೈದಿದ್ದರೆ ಮಾಜೀದ ಬದುಕಿಕೊಳ್ಳುತ್ತಿದ್ದ.

"ಲಾಲಬೀ ಕುಂದ್ರತಿದ್ದ ಜಾಗಾ ಇದು" ಎಂದರು. "ನಿನಗ ಕುಂದ್ರಾಕ ಬರಂಗಿಲ್ಲ ಅಂತ ಮಂದಿ ಕುಂದ್ರೂದನ್ನೂ ಕೊಯ್ದುಬಿಟ್ಟಿ. ಗಾಡಿ ನೀನ ಇಟ್ಕೋ. ನನ್ನ ಕೂಡ ಮಾತಾಡಬ್ಯಾಡ."

ಖರ್ಜೂರದ ಪೊಟ್ಟಣವನ್ನು ಅಲ್ಲೇ ಇಟ್ಟು ಹೋದರು. ಆಮೇಲೆ ತಮ್ಮ ಗ್ಯಾರೇಜು ಮುಚ್ಚಿ, ಯಲಬುರ್ಗಾದಲ್ಲಿ ಮಗಳು ತಾಜಬೀಯ ಮನೆಗೆ ಹೋಗಿ ನೆಲೆಸಿದರು. ಮಾಜೀದ ಬಸ್ಸು ಹತ್ತಿ ಎಷ್ಟು ಸಲ ಯಲಬುರ್ಗಾಕ್ಕೆ ಹೋಗಿ ಬಂದನೋ ಲೆಕ್ಕವಿಲ್ಲ. ತಾಜಬೀ ಚಹಾ ಕೊಡುತ್ತಿದ್ದಳು, ಉಸ್ತಾದರು ಎದ್ದು ಒಳಕೋಣೆಗೆ ಹೋಗುತ್ತಿದ್ದರು. ಚೌಕಟ್ಟನ್ನು ಮತ್ತೆ ಬೆಸೆದು ಕೊಡುತ್ತೇನೆ ಎಂದ. ಬೆಸೆದದ್ದು ಬೆಸೆದದ್ದೇ, ಮೊದಲಿನದಲ್ಲ ಎಂದು ಒಳಗಿನಿಂದ ಮಗಳ ಕೈಲಿ ಹೇಳಿ ಕಳಿಸಿದರು. ಅದು ಮೆಕ್ಯಾನಿಕ್ ಮಂದಿಯ ಮಾತು.

ಆ ಸೀಟು ಏನಾಯಿತು ಎಂದರೆ, ನನ್ನ ಹತ್ತಿರ ಬಂತು. ಹಳೇ ಹೊಲಿಗೆಯ ತೂತುಗಳಲ್ಲೇ ಸೂಜಿ ಆಡಿಸಿ, ಅದೇ ಕಪ್ಪು ರೆಕ್ಸಿನ್ ಹುಡುಕಿ ತರಿಸಿ ಹೊಲಿದು ಕೊಟ್ಟೆ. ಮಾಜೀದ ಅದನ್ನು ಒಂದು ಹಲಗೆಗೆ ಬಿಗಿದು, ಕೆಳಗೆ ನಾಲ್ಕು ಕಾಲು ಹೊಡೆದು ಗ್ಯಾರೇಜಿನ ಮುಂದೆ ಇಟ್ಟ. ಗಿರಾಕಿಗಳು ಅದರ ಮೇಲೆ ಕೂತು ಪೇಪರ್ ಓದುತ್ತಾರೆ. ಅವನು ಮಾತ್ರ ಅದರ ಮೇಲೆ ಕೂಡಲಿಲ್ಲ. ಅವನು ಎಲ್ಲಿಯೂ ಕೂಡುವುದಿಲ್ಲ, ಆದರೆ ಇದು ಬೇರೆ. ದಿನಾ ಮುಂಜಾನೆ ಅದರ ಧೂಳು ಒರೆಸಿ ದೂರ ನಿಲ್ಲುತ್ತಿದ್ದ.

ಗಾಡಿಯನ್ನು ಮಾತ್ರ ಬಿಡಲಿಲ್ಲ. ಕೆಟ್ಟದ್ದಂತೂ ಕೆಟ್ಟಿತು, ಅರ್ಧಕ್ಕೆ ಏಕೆ ಬಿಡಬೇಕು ಎನ್ನುವ ಹಟ. ಅಂಗಡಿ ಮುಚ್ಚುವ ಶುಕ್ರವಾರಗಳಲ್ಲಿ ಹಿಟ್ನಾಳದ ಆಚೆಯ ಬಂಡೆಗುಡ್ಡಕ್ಕೆ ಒಬ್ಬನೇ ಹೋಗಿ ಬಿದ್ದು ಎದ್ದು ಮೈ ತರಚಿಕೊಂಡು ಬರುತ್ತಿದ್ದ. ಮೆಹರಾಜ ಅರಿಶಿನ ಹಚ್ಚುತ್ತಾ ಬೈಯುತ್ತಿದ್ದಳು. ಒಂದು ಸಲ ಅವಳು ನನ್ನನ್ನೂ ಎಳೆದುಕೊಂಡು ಹೋದಳು, "ನೀವಾರ ಬುದ್ಧಿ ಹೇಳ್ರಿ ಬರ್ರಿ" ಎಂದು.

ಬುದ್ಧಿ ಹೇಳಲು ಹೋದ ನಾನು ಬಾಯಿ ಮುಚ್ಚಿಕೊಂಡು ಬಂದೆ. ಮಾಜೀದ ಪೆಡಲುಗಳ ಮೇಲೆ ನಿಂತಿದ್ದ. ಗಾಡಿ ಆನೆಗಾತ್ರದ ಒಂದು ಬಂಡೆಯನ್ನು ಇಂಚಿಂಚೇ ಏರುತ್ತಿತ್ತು. ಇಂಜಿನ್ ಡುಬ್, ಡುಬ್, ಡುಬ್ ಎಂದು ಬಿಡಿಬಿಡಿಯಾಗಿ ಬಡಿಯುತ್ತಿತ್ತು. ಅವನ ಮುಖ ನೋಡಿದೆ. ಊಟದಲ್ಲಿ, ಮಾತಿನಲ್ಲಿ, ನಿದ್ದೆಯಲ್ಲಿ ಕೂಡ ತಳಮಳಿಸುವ ಆ ಮುಖ ಸುಮ್ಮನಾಗಿತ್ತು. ಹುಬ್ಬು ಸಡಿಲಾಗಿತ್ತು. ಅವನು ಇಷ್ಟು ವರ್ಷ ಹುಡುಕುತ್ತಿದ್ದದ್ದು ಓಡುವ ಜಾಗವನ್ನಲ್ಲ, ನಿಲ್ಲುವ ಜಾಗವನ್ನು. ನನಗೆ ಅಳು ಬಂತು, ಮೆಹರಾಜಳಿಗೂ ಬಂತು. ಧೂಳು ಎಂದು ಇಬ್ಬರೂ ಕಣ್ಣೊರೆಸಿಕೊಂಡೆವು.

ಇಳಿದು ಬಂದ ಕೂಡಲೇ ಮತ್ತೆ ಅದೇ ಮಾಜೀದ. ಪಾನಾ ಹಿಡಿದು ಗಾಡಿಯ ಸುತ್ತ ಸುತ್ತತೊಡಗಿದ.

"ಒಮ್ಮೆ ಉಸ್ತಾದ್ ಇದನ್ನ ನೋಡಬೇಕ್ರಿ ಅಕ್ಕಾರ" ಎಂದ. "ಯಾಕ ಕತ್ತರಿಸಿದಿ ಅಂದ್ರ ಬಾಯಿಲೆ ಹೇಳಾಕ ಬರಂಗಿಲ್ಲ ನಂಗ. ಒಮ್ಮೆ, ಕಾಲು ಊರದಂಗ, ಅವ್ರ ಕಣ್ಣ ಮುಂದ ಹತ್ತಿಸಿದ್ರ ತಿಳೀತೈತಿ. ಆಮ್ಯಾಲ ಮಾತಾಡ್ಲಿ, ಬಿಡ್ಲಿ."

ಅವನಿಗೆ ಬೇಕಾದದ್ದು ಅಷ್ಟೇ. ಅದು ಒಳಗೊಳಗೇ ಅವನನ್ನು ಕೊರೆಯುತ್ತಿತ್ತು.

ಬಂಡೆಗುಡ್ಡದಲ್ಲಿ ಇವನ ಸದ್ದು ಕೇಳಿ ಒಬ್ಬೊಬ್ಬರೇ ಸೇರಿಕೊಂಡರು. ಡ್ರಿಲ್ ಮಾಸ್ತರಿಕೆಯಿಂದ ನಿವೃತ್ತರಾದ ಅಮರಪ್ಪ, ಗಂಗಾವತಿಯ ಅಕ್ಕಿ ಗಿರಣಿಯ ಪ್ರಭುರಾಜ, ಕುಷ್ಟಗಿ ಕಡೆಯ ನಾಲ್ಕು ಮಂದಿ. ಯಾರದೋ ಮನೆಯ ಹಿತ್ತಲಲ್ಲಿ ಕೋಳಿ ಕೂಡುತ್ತಿದ್ದ ಯೆಜ್ಡಿ, ಯಾರ ಅಜ್ಜನದೋ ಬುಲೆಟ್ಟು, ಎಲ್ಲ ಮಾಜೀದನ ಕೈಗೆ ಬಂದು ಕೊಂಬು ಎತ್ತಿದವು. ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಹಳೇ ಗಾಡಿಗಳ ಬಂಡೆ ಆಟ ಶುರುವಾಯಿತು. ಅಮರಪ್ಪ ಮಾಸ್ತರರು ಇದ್ದಲ್ಲಿ ನಿಯಮ ಇದ್ದೇ ಇರುತ್ತದೆ. ಬಂಡೆಗಳ ನಡುವೆ ಕೆಂಪು, ನೀಲಿ ಬಾವುಟ ನೆಟ್ಟು ಆರು ಹಾದಿ. ಬಾವುಟದಿಂದ ಬಾವುಟದವರೆಗೆ ಕಾಲು ತಾಗಿಸಬಾರದು. ಪ್ರತಿ ಹಾದಿಗೂ ಒಬ್ಬ ಹಿರಿಯರು ತಾಟು ಹಿಡಿದು ಕೂಡುತ್ತಾರೆ. ಕಾಲು ನೆಲಕ್ಕೋ ಕಲ್ಲಿಗೋ ತಾಗಿದರೆ ತಾಟಿಗೆ ಒಂದು ಹರಳು. ಬಿದ್ದರೆ, ಇಂಜಿನ್ ನಿಂತರೆ ಐದು ಹರಳು. ಎಲ್ಲರೂ ಮೂರು ಸುತ್ತು ಹಾಕಬೇಕು. ಕೊನೆಗೆ ಯಾರ ಹರಳು ಕಡಿಮೆಯೋ ಅವನು ಗೆದ್ದ. ಸಮ ಬಂದರೆ ಹರಳಿಲ್ಲದ ಸುತ್ತು ಹೆಚ್ಚಿದ್ದವನು ಗೆದ್ದ. ಹರಳು ಹಾಕಿದವರ ಜೊತೆ ವಾದ ಮಾಡುವಂತಿಲ್ಲ. ಅದಕ್ಕೇ ಮಾಸ್ತರರು ಆ ಕೆಲಸಕ್ಕೆ ಯಾರೂ ಎದುರಾಡದ ಮುದುಕರನ್ನೇ ಹುಡುಕಿ ತರುತ್ತಿದ್ದರು.

ಈ ವರ್ಷ ಬಾವುಟ ಹೊಲಿದು ಕೊಟ್ಟದ್ದು ನಾನು. ಆಟದ ದಿನ ಅವನ್ನು ನೆಟ್ಟು ಮುಗಿಸಿ ಕೊನೆಯ ಹಾದಿಯ ತುದಿಗೆ ನೆರಳು ಹುಡುಕಿಕೊಂಡು ಕೂತಿದ್ದೆ. ಅಮರಪ್ಪ ಮಾಸ್ತರರ ಜೀಪು ಬಂತು. ಮಾಸ್ತರರು ಒಬ್ಬರ ಕೈ ಹಿಡಿದು ಇಳಿಸಿ, ಮೆಲ್ಲಗೆ ಬಂಡೆ ಹತ್ತಿಸಿಕೊಂಡು ಬಂದರು. ಬಿಳಿ ಗಡ್ಡ, ಬಿಳಿ ಟೊಪ್ಪಿಗೆ. ಮಕ್ಬುಲಸಾಬರು!

"ಚಾಚಾ, ನೀವ?" ಎಂದೆ.

"ಮಾಸ್ತರ ಮನೀತನಕ ಬಂದು ಕೈ ಮುಗದ್ರು. ಹರಳು ಹಾಕಾಕ ಬಂದೀನಿ ಪಂಪವ್ವ. ಬ್ಯಾರೆ ಯಾತಕ್ಕೂ ಬಂದಿಲ್ಲ" ಎಂದರು. ನಾನು ಕೇಳಿರಲೇ ಇಲ್ಲ. ತಾಟನ್ನು ತೊಡೆಯ ಮೇಲಿಟ್ಟುಕೊಂಡು, ಹರಳುಗಳನ್ನು ಎಡಗೈಯಲ್ಲಿ ಹಿಡಿದು ಕೂತರು. ಕೂತರೆಂದರೆ ಕೂತರು, ಹಳೇ ಸ್ಟೂಲಿನ ಮೇಲೆ ಕೂತಂತೆಯೇ. ಅವರು ಬಂದದ್ದು ಕೆಳಗಿದ್ದ ಮಾಜೀದನಿಗೆ ಗೊತ್ತಿಲ್ಲ. ಓಡಿ ಹೋಗಿ ಹೇಳೋಣವೆಂದು ನನ್ನ ಕಾಲು ಎದ್ದವು. ಆದರೆ ಹೇಳಿದರೆ ಇವನು ಗಾಡಿ ಹತ್ತುವ ಮೊದಲೇ ನಡುಗಿ ಸಾಯುತ್ತಾನೆ ಎಂದು ಸುಮ್ಮನಾದೆ.

ಮೊದಲ ಸುತ್ತು. ಮಾಜೀದ ಮೊದಲ ಐದೂ ಹಾದಿಗಳನ್ನು ಹರಳಿಲ್ಲದೆ ದಾಟಿದ ಸುದ್ದಿ ಮೇಲಕ್ಕೆ ಬಂತು. ನಮ್ಮದು ಆರನೆಯದು. ಎರಡು ಬಂಡೆಗಳ ಸಂದಿಯಲ್ಲಿ ಏರಿ, ತುದಿಯಲ್ಲಿ ಒಂದು ಗೋಡೆಯಂಥ ಕಲ್ಲಿನ ಪಕ್ಕಕ್ಕೆ ಹೊರಳಿ, ನಾವು ಕೂತ ಚಪ್ಪಟೆ ಬಂಡೆಯ ಮುಂದೆ ಹಾದು ಹೋಗಬೇಕು. ಡುಬ್, ಡುಬ್ ಎನ್ನುತ್ತಾ ರಾಜದೂತ ಸಂದಿಯೊಳಗೆ ಬಂತು. ಉಸ್ತಾದರು ಕಣ್ಣು ಮುಚ್ಚಿ ಕೇಳಿದರು. ತಮ್ಮ ಇಂಜಿನ್ನಿನ ಸದ್ದು ಅವರಿಗೆ ಗೊತ್ತಾಗದೆ ಇರುತ್ತದೆಯೇ! ಕಣ್ಣು ತೆರೆದರು. ಮಾಜೀದ ತುದಿಗೆ ಬಂದು ಹೊರಳಿದ. ಉಸ್ತಾದರನ್ನು ನೋಡಿದ.

ಕಾಲು ಕೆಳಗಿಳಿಯಿತು.

ಗಾಡಿ ವಾಲಿರಲಿಲ್ಲ, ತೂಕ ತಪ್ಪಿರಲಿಲ್ಲ. ಉಸ್ತಾದರ ಓಣಿ ಬಂದಾಗ ಇಳಿಯುತ್ತಿತ್ತಲ್ಲ, ಅದೇ ಎಡಗಾಲು, ಅದೇ ಅದಬು. ಅವನು ಇಳಿಸಲಿಲ್ಲ, ಅದೇ ಇಳಿಯಿತು. ಬಲಗೈ ಸಲಾಮಿಗೆ ಅರ್ಧ ಎದ್ದು ಮತ್ತೆ ಹ್ಯಾಂಡಲಿಗೆ ಹೋಯಿತು. ಕಣ್ಣು ತಗ್ಗಿಸಿ ಬಾವುಟ ದಾಟಿದ. ಉಸ್ತಾದರ ಮುಖದಲ್ಲಿ ಏನೂ ಅಲುಗಲಿಲ್ಲ. ತಾಟಿನಲ್ಲಿ ಒಂದು ಹರಳು ಟಣ್ ಎಂದಿತು.

ಎರಡನೆಯ ಸುತ್ತಿಗೆ ಅವನು ತಲೆ ಎತ್ತದೆ, ಮುಂದಿನ ಟೈರನ್ನೇ ದಿಟ್ಟಿಸುತ್ತಾ ಬಂದ. ಅವನು ನೋಡದಿದ್ದರೇನು, ಕಾಲಿಗೆ ಗೊತ್ತಿತ್ತು. ಉಸ್ತಾದರ ನೇರಕ್ಕೆ ಬಂದದ್ದೇ ತಡ, ಮತ್ತೆ ಇಳಿಯಿತು. ಮತ್ತೆ ಟಣ್. ಹಾಳಾದ ಮರ್ಯಾದೆ, ಎಂದು ನಾನು ಹಲ್ಲು ಕಚ್ಚಿದೆ. ಇಷ್ಟು ವರ್ಷ ಕಾದದ್ದು ಇದಕ್ಕೇನು? ಉಸ್ತಾದರ ಮುಂದೆ ಕಾಲೂರದೆ ಹತ್ತಬೇಕು ಎಂದು ಬಡಕೊಂಡವನ ಕಾಲಿಗೆ, ಉಸ್ತಾದರೇ ಅಡ್ಡವಾಗಿ ಕೂತಿದ್ದರು.

ಪ್ರಭುರಾಜ ಆಗಲೇ ಮೂರೂ ಸುತ್ತು ಮುಗಿಸಿದ್ದ. ಅವನು ಒಂದೇ ಸುತ್ತಿನಲ್ಲಿ ಎಡವಿ ಮೂರು ಹರಳು ತಿಂದಿದ್ದ, ಉಳಿದೆರಡು ಸುತ್ತು ಚೊಕ್ಕ. ಮಾಜೀದನಿಗೆ ಎರಡು ಹರಳು. ಕೊನೆಯ ಸುತ್ತು ಚೊಕ್ಕ ಬಂದರೆ ಗೆಲುವು ಇವನದು. ನನಗೆ ಆ ಗೆಲುವಿನ ಚಿಂತೆ ಇರಲಿಲ್ಲ. ಮಕ್ಬುಲಸಾಬರು ಯಲಬುರ್ಗಾದಿಂದ ಇನ್ನೊಮ್ಮೆ ಬರುತ್ತಾರೆಂದು ಯಾರು ಹೇಳಬೇಕು? ವಯಸ್ಸು ನೋಡಿ ಅವರದು.

ಉಸ್ತಾದರು ಹರಳುಗಳನ್ನು ಅಂಗೈಯಲ್ಲಿ ಹೊರಳಿಸುತ್ತಾ ಕೂತಿದ್ದರು. ಕಡೆಗೆ ಬಾಯಿ ಬಿಟ್ಟರು.

"ಪಂಪವ್ವ, ನಾ ಇಲ್ಲಿ ಇಲ್ಲ ಅಂತ ತಿಳಕೋ ಅನ್ನು ಅವಂಗ."

"ನೀವ ಹೇಳ್ರಿ ಚಾಚಾ. ನಿಮ್ಮ ಬಾಯಿಗೇನ ಬೀಗಾ ಹಾಕ್ಯಾರೇನು?" ನನಗೂ ರೇಗಿತ್ತು.

"ನಾ ಅವನ ಕೂಡ ಮಾತು ಬಿಟ್ಟೀನಿ."

"ಹಂಗಾದ್ರ ನಾನೂ ಹೇಳಂಗಿಲ್ಲ."

ಕೆಳಗೆ ರಾಜದೂತ ಚಾಲೂ ಆದ ಸದ್ದು ಕೇಳಿತು. ಒಂದು, ಎರಡು, ಹಾದಿಯಿಂದ ಹಾದಿಗೆ ಹತ್ತಿರವಾಯಿತು. ಉಸ್ತಾದರು ಒಮ್ಮೆ ಗಡ್ಡ ಕೆರೆದುಕೊಂಡರು. ಆಮೇಲೆ ತಾಟು ಎತ್ತಿಕೊಂಡು, ಇದ್ದಲ್ಲಿಯೇ ತಿರುಗಿ, ಹಾದಿಗೆ ಬೆನ್ನು ಮಾಡಿ ಕೂತರು.

ಅಮರಪ್ಪ ಮಾಸ್ತರರು ಸೀಟಿ ಊದುತ್ತಾ ಓಡಿ ಬಂದರು. "ಸಾಹೇಬ್ರ, ಇದೇನ್ರಿ? ಹರಳು ಹಾಕೋರು ನೋಡಬೇಕ್ರಿ!"

"ನಾ ಯಾವಾಗ ಗಾಡಿ ಕಣ್ಣಿಲೆ ನೋಡೀನಿ ಮಾಸ್ತರ? ಕಾಲು ಊರಿದ್ರ ಇಂಜಿನ್ ಹಗುರ ಆಕ್ಕೈತಿ. ಸಪ್ಪಳ ಹೇಳ್ತೈತಿ" ಎಂದರು ಉಸ್ತಾದರು. ಹರಳು ಹಾಕುವವರ ಜೊತೆ ವಾದ ಮಾಡಬಾರದು ಎನ್ನುವುದು ಮಾಸ್ತರರದೇ ನಿಯಮ. ಸೀಟಿಯನ್ನು ಕಿಸೆಗೆ ಹಾಕಿಕೊಂಡು ಪಕ್ಕಕ್ಕೆ ಸರಿದರು.

ರಾಜದೂತ ಸಂದಿಯೊಳಗೆ ಬಂತು. ಡುಬ್, ಡುಬ್. ಏರಿತು. ನಾನು ಗಾಡಿ ನೋಡಲಿಲ್ಲ, ನಿಜ ಹೇಳುತ್ತೇನೆ. ಉಸ್ತಾದರ ಕೈಯನ್ನೇ ನೋಡುತ್ತಿದ್ದೆ. ಒಂದು ಹರಳು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಸಿಕ್ಕಿಕೊಂಡಿತ್ತು. ಗಾಡಿ ತುದಿಗೆ ಬಂತು, ಗೋಡೆಕಲ್ಲಿನ ಪಕ್ಕಕ್ಕೆ ಹೊರಳಿತು, ಆ ಬೆನ್ನಿನ ಹಿಂದೆಯೇ ಹಾದು ಹೋಯಿತು. ಸದ್ದು ಒಂದೇ ಸಮ. ಎಲ್ಲಿಯೂ ಹಗುರಾಗಲಿಲ್ಲ, ಎಲ್ಲಿಯೂ ಮುಗ್ಗರಿಸಲಿಲ್ಲ. ಕೊನೆಯ ಬಾವುಟ ದಾಟಿದ ಮೇಲೆ ಇಂಜಿನ್ ಬಂದಾಯಿತು. ಸುತ್ತ ನಿಂತವರು ಚಪ್ಪಾಳೆ ಹೊಡೆದರು. ಹರಳು ಇನ್ನೂ ಬೆರಳುಗಳ ನಡುವೆಯೇ ಇತ್ತು. ಉಸ್ತಾದರು ಅದನ್ನು ಎಡಗೈಗೆ ವಾಪಸು ಹಾಕಿದರು.

"ಉಸ್ತಾದ್" ಎಂದ ಮಾಜೀದ. ಗಾಡಿಯಿಂದ ಇಳಿದು, ಹ್ಯಾಂಡಲ್ ಹಿಡಿದು ನಿಂತಿದ್ದ. "ಹರಳು ಹಾಕ್ರಿ. ತಿರುವಿನ್ಯಾಗ ಬೂಟು ಕಲ್ಲಿಗೆ ಹತ್ತಿತ್ರಿ."

ಉಸ್ತಾದರು ತಿರುಗಲಿಲ್ಲ. "ಸಪ್ಪಳ ಬರಲಿಲ್ಲ" ಎಂದರು.

"ಭಾರ ಹಾಕಲಿಲ್ರಿ. ಬರೇ ಒರಸ್ತು. ಆದ್ರೂ ಹತ್ತಿತ್ರಿ."

ಚಪ್ಪಾಳೆ ನಿಂತಿತು. ಎಲೋ ಮೂರ್ಖ, ಯಾರು ಕೇಳಿದರು ನಿನ್ನನ್ನ ಎಂದು ನನಗೆ ಕೂಗಬೇಕೆನಿಸಿತು. ಉಸ್ತಾದರು ಎಡಗೈಯಿಂದ ಒಂದು ಹರಳು ಮತ್ತೆ ಎತ್ತಿ ತಾಟಿನ ಮೇಲೆ ಹಿಡಿದರು. ಆಮೇಲೆ ಹರಳು ಬಿಟ್ಟರು. ಟಣ್.

ಮೂರಕ್ಕೆ ಮೂರು ಸಮ. ಚೊಕ್ಕ ಸುತ್ತು ಪ್ರಭುರಾಜನದು ಹೆಚ್ಚು, ಬಹುಮಾನದ ಕಪ್ ಅವನಿಗೆ ಹೋಯಿತು. ಉಸ್ತಾದರು ಮಾಸ್ತರರ ಜೀಪು ಹತ್ತಿ ಹೊರಟರು. ಮಾಜೀದ ರಸ್ತೆಯ ಅಂಚಿನಲ್ಲಿ ನಿಂತೇ ಇದ್ದ. ಜೀಪು ಅವನ ಪಕ್ಕದಲ್ಲಿ ಹಾದು ಹೋಗುವಾಗ ಅವರು ಮುಂದೆ ನೋಡುತ್ತಿದ್ದರು.

ಆಮೇಲಿನ ದಿನಗಳಲ್ಲಿ ಅವನು ನಮ್ಮನ್ನೆಲ್ಲ ಹುಚ್ಚು ಹಿಡಿಸಿದ. ಬಿಚ್ಚಿದ ಗಾಡಿಯನ್ನು ಅರ್ಧಕ್ಕೆ ಬಿಟ್ಟು ನನ್ನ ಅಂಗಡಿಗೆ ಬರುತ್ತಿದ್ದ, ನಾನು ಉತ್ತರ ಕೊಡುವ ಮೊದಲೇ ವಾಪಸು ಹೋಗುತ್ತಿದ್ದ, ಮತ್ತೆ ಬರುತ್ತಿದ್ದ.

"ಅಕ್ಕಾರ, ಸಪ್ಪಳ ಬರಲಿಲ್ಲ ಅಂದ್ರಲ್ಲ, ಅದು ನಂಗ ಅಂದದ್ದೋ, ನಿಮಗ ಅಂದದ್ದೋ?"

"ನಿಂಗ ಅಂದದ್ದಪ್ಪ."

"ಹಂಗಾದ್ರ ಮಾತಾಡಿದಂಗ ಆತಲ್ರಿ? ಆದ್ರ ಬೆನ್ನು ಮಾಡಿ ಅಂದ್ರು. ಬೆನ್ನು ಮಾಡಿ ಮಾತಾಡಿದ್ರ ಅದು ಲೆಕ್ಕಕ್ಕ ಐತೋ ಇಲ್ಲೋ?"

"ಅಮರಪ್ಪ ಮಾಸ್ತರನ್ನ ಕೇಳು. ನಿಯಮ ಅವರ ಹತ್ರ ಅದಾವ" ಎಂದು ಹೊಲಿಗೆ ಯಂತ್ರಕ್ಕೆ ಬಗ್ಗಿದೆ. ಅವನು ನಗಲಿಲ್ಲ. ಮೆಹರಾಜ ಬಂದು, ರಾತ್ರಿ ಹಾಸಿಗೆಯಲ್ಲಿ ಕೂಡ ಕಾಲು ಆಡುತ್ತಲೇ ಇರುತ್ತವೆ ಎಂದು ಕಣ್ಣೀರು ಹಾಕಿದಳು. ಯಲಬುರ್ಗಾಕ್ಕೆ ಹೋಗಿ ಬಾ ಎಂದರೆ ಹೋಗಲೊಲ್ಲ. ಉಸ್ತಾದರು ಮತ್ತೆ ಒಳಕೋಣೆಗೆ ಎದ್ದು ಹೋದರೆ, ಅವರು ಅಂದಿದ್ದ ಆ ಎರಡು ಮಾತೂ ಹೋಗುತ್ತವೆ ಎನ್ನುವ ಹೆದರಿಕೆ.

ಒಂದು ಸೋಮವಾರ, ಯಲಬುರ್ಗಾದ ಬಸ್ಸು ಬರುವ ಹೊತ್ತಿಗೆ, ಮಾಜೀದ ಒಂದು ಬೈಕಿನ ಹೊಟ್ಟೆಯ ಕೆಳಗೆ ಮಲಗಿ ಏನೋ ಬಿಗಿಯುತ್ತಿದ್ದ. ನಾನು ಬಾಗಿಲಲ್ಲಿ ಕೂತು ನೂಲು ಪೋಣಿಸುತ್ತಿದ್ದೆ. ಮಕ್ಬುಲಸಾಬರು ಕೋಲೂರಿಕೊಂಡು ರಸ್ತೆ ದಾಟಿ ಬಂದರು. ನನ್ನನ್ನು ನೋಡಿ, ಸುಮ್ಮನಿರು ಎಂದು ಕೈ ಮಾಡಿದರು. ಗ್ಯಾರೇಜಿನ ಮುಂದಿನ ಸೀಟಿನ ಹತ್ತಿರ ನಿಂತರು. ಬಗ್ಗಿ ಅಂಚಿನ ಹೊಲಿಗೆಯನ್ನು ಬೆರಳಿನಿಂದ ಮುಟ್ಟಿದರು, ಈ ತುದಿಯಿಂದ ಆ ತುದಿಯವರೆಗೆ.

"ನೀ ಹೊಲಿದೇನು?"

"ಹೌದ್ರಿ ಚಾಚಾ. ಹಳೇ ತೂತಿನ್ಯಾಗ ಹೊಲಿದೀನ್ರಿ. ಹೊಸದು ಒಂದೂ ಚುಚ್ಚಿಲ್ಲ."

ತಲೆಯಾಡಿಸಿದರು. ಕೂತರು. ಮುಂದಿನ ಅರ್ಧದಲ್ಲಿ, ಯಾವಾಗಲೂ ಕೂಡುತ್ತಿದ್ದ ಕಡೆ.

"ಮಾಜೀದ" ಎಂದು ಕರೆದರು.

ಬೈಕಿನ ಕೆಳಗಿನ ಪಾನಾ ಕೈಜಾರಿ ಬಿತ್ತು. ಮಾಜೀದ ತೆವಳಿ ಹೊರಬಂದ, ಮುಖದ ತುಂಬ ಆಯಿಲ್ಲು. ಏನು ಮಾಡಬೇಕೆಂದು ತಿಳಿಯದೆ ಕೈ ಒರೆಸಿಕೊಂಡ, ಸಲಾಂ ಮಾಡಿದ, ಮತ್ತೆ ಕೈ ಒರೆಸಿಕೊಂಡ. "ಚಹಾ ತರಸ್ತೀನಿ ಉಸ್ತಾದ್, ಒಂದು ನಿಮಿಷ, ಈ ಗಾಡಿಯವ್ರು ಬರ್ತಾರ, ಒಂದ ಬೋಲ್ಟು..."

"ಕುಂದ್ರು."

ಮಾಜೀದ ಅವರ ಕಾಲ ಹತ್ತಿರ, ನೆಲಕ್ಕೆ ಕುಕ್ಕರಗಾಲಿಗೆ ಇಳಿದ.

"ಕೆಳಗಲ್ಲ. ಇಲ್ಲಿ." ಉಸ್ತಾದರು ಸೀಟಿನ ಹಿಂದಿನ ಅರ್ಧವನ್ನು ಅಂಗೈಯಿಂದ ತಟ್ಟಿದರು.

ನನ್ನ ಕೈಯ ಸೂಜಿ ಎಲ್ಲಿ ಬಿತ್ತೋ ದೇವರಿಗೇ ಗೊತ್ತು. ಮಾಜೀದ ಆ ಜಾಗವನ್ನು ನೋಡಿದ, ಉಸ್ತಾದರ ಮುಖ ನೋಡಿದ. ಎದ್ದು, ಸೀಟಿನ ತೀರಾ ಅಂಚಿಗೆ, ಬಿದ್ದರೂ ಬಿದ್ದೇನು ಎನ್ನುವಂತೆ ಕೂತ. ಭಾರ ಹಾಕಲು ಧೈರ್ಯವಿಲ್ಲದೆ ಹೇಗೆ ಕೂತಿದ್ದನೆಂದರೆ, ಎರಡೂ ಹಿಮ್ಮಡಿ ನೆಲ ಬಿಟ್ಟು ಮೇಲೆದ್ದಿದ್ದವು. ಮೊಣಕಾಲು ಗಡಗಡ ಅಲುಗುತ್ತಿತ್ತು.

ಉಸ್ತಾದರು ಆ ಮೊಣಕಾಲಿನ ಮೇಲೆ ಕೈಯಿಟ್ಟರು.

"ಕಾಲು ಊರೋ" ಎಂದರು. "ಇಲ್ಲಿ ಹರಳು ಹಾಕೋರು ಯಾರೂ ಇಲ್ಲ."

ಮಾಜೀದ ಎರಡೂ ಕಾಲು ಊರಿದ.